ಗೂಗಲ್ ಸ್ಕಾಲರ್: ಹುಡುಕಿ ಕೊಡುತ್ತದೆ, ತೂಗಿ ನೋಡುವ ಕೆಲಸ ನಮ್ಮದೇ

ಪ್ರಾಜೆಕ್ಟು, ಸೆಮಿನಾರು, ಥೀಸಿಸ್ಸು ಎಂದು ಒದ್ದಾಡುವ ವಿದ್ಯಾರ್ಥಿಗಳಿಗೆ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಹೊಸದೇನಲ್ಲ. 2004ರ ನವೆಂಬರ್‌ನಲ್ಲಿ ಶುರುವಾದದ್ದು. ಕಾಸಿಲ್ಲ, ಲಾಗಿನ್ ಬೇಕಿಲ್ಲ. ಲೇಖನ ಹುಡುಕುವುದಕ್ಕೆ ಇದಕ್ಕಿಂತ ಸಲೀಸಾದದ್ದನ್ನು ನಾನಂತೂ ಬಳಸಿಲ್ಲ. ಜರ್ನಲ್ ಸೈಟಿನಲ್ಲಿ ದುಡ್ಡು ಕೇಳುವ ಲೇಖನದ ಉಚಿತ ಪಿಡಿಎಫ್ ಇನ್ನೆಲ್ಲೋ ಇದ್ದರೆ ಬಲಗಡೆ ಲಿಂಕ್ ಬರುತ್ತದೆ, ಅಲ್ಲಿ ಬರದಿದ್ದರೆ ಕೆಳಗಿನ 'ಆಲ್ ವರ್ಷನ್ಸ್' ಒತ್ತಿ ನೋಡಬಹುದು. ಒಟ್ಟು ಮಾರ್ಕಿನಲ್ಲಿ ಅರ್ಧದಷ್ಟು ಇಷ್ಟಕ್ಕೇ ಕೊಡಬಹುದು.

ತಕರಾರು ಇರುವುದು ಬೇರೆ ಕಡೆ. ಪ್ರತಿ ಪ್ರಶ್ನೆಗೂ ಒಂದೇ ಸರಿ ಉತ್ತರ ಇದೆ, ಅದು ಯಾರೋ ದೊಡ್ಡವರ ಹತ್ತಿರ ಇದೆ, ಹುಡುಕಿ ತರುವುದಷ್ಟೇ ನಮ್ಮ ಕೆಲಸ ಎಂದು ನಂಬಿದವರಿಗೆ ಈ ಪುಟ ಸಿಕ್ಕಾಪಟ್ಟೆ ಹಿತವಾಗಿದೆ. ಮೊದಲನೇ ಸಾಲಿನಲ್ಲಿ ಬಂದಿದೆ, ಕೆಳಗೆ ಎಷ್ಟು ಕಡೆ ಉಲ್ಲೇಖವಾಗಿದೆ ಎನ್ನುವ ದೊಡ್ಡದೊಂದು ಸಂಖ್ಯೆ ಇದೆ, ಹೆಸರಲ್ಲೇ 'ಸ್ಕಾಲರ್' ಇದೆ. ಮುಗೀತು! ಹಾರ್ವರ್ಡ್ ವಿದ್ಯಾರ್ಥಿಗಳನ್ನು ಮಾತಾಡಿಸಿ ಮನಶ್ಶಾಸ್ತ್ರಜ್ಞ ವಿಲಿಯಂ ಪೆರ್ರಿ 1970ರಲ್ಲಿ ಬರೆದದ್ದೂ ಇಂಥವರ ಬಗ್ಗೆಯೇ. ಮೊದಮೊದಲು ಸರಿ-ತಪ್ಪು ಎರಡೇ ಖಾನೆ. ಆಮೇಲೆ 'ಅವರವರ ಅಭಿಪ್ರಾಯ ಅವರವರಿಗೆ'. ಆಧಾರ ನೋಡಿ ತೂಗುವುದು ಅದಾದ ಮೇಲೆ.

'ಅವರವರ ಅಭಿಪ್ರಾಯ' ಎನ್ನುವ ಆ ನಡುವಿನ ಗುಂಪಿಗೂ ಸ್ಕಾಲರ್ ಬೇಸರ ಮಾಡುವುದಿಲ್ಲ. 'ಹೋಮ್‌ವರ್ಕ್‌ನಿಂದ ಲಾಭ' ಎಂದು ಹುಡುಕಿದರೆ ಲಾಭದ ಲೇಖನಗಳು, 'ಹೋಮ್‌ವರ್ಕ್‌ನಿಂದ ತೊಂದರೆ' ಎಂದರೆ ತೊಂದರೆಯವು. ಬೇಕಾದ್ದನ್ನು ಎತ್ತಿಕೊಂಡರಾಯಿತು, ಅಲ್ವಾ?

ನನಗೆ ಜಾಸ್ತಿ ಕಿರಿಕಿರಿ ಆಗುವುದು ಆ 'ಸೈಟೆಡ್ ಬೈ' ಸಂಖ್ಯೆಯಿಂದ. ಎಷ್ಟು ಬರಹಗಳಲ್ಲಿ ಉಲ್ಲೇಖವಾಗಿದೆ ಎಂದಷ್ಟೇ ಅದು ಹೇಳುತ್ತದೆ, ಹೊಗಳಿದರೋ ಬೈದರೋ ಹೇಳುವುದಿಲ್ಲ. ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬರೆದ ಲೇಖನವನ್ನೇ ನೋಡಿ. ಅದರಲ್ಲಿದ್ದದ್ದು 12 ಮಕ್ಕಳು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಆದರೂ ಸಾವಿರಾರು ಕಡೆ ಉಲ್ಲೇಖವಾಗಿದೆ, ಅದರಲ್ಲಿ ಎಷ್ಟೋ ಬರಹಗಳು ಅದು ಯಾಕೆ ತಪ್ಪು ಎಂದು ತೋರಿಸುವುದಕ್ಕೇ ಬಂದವು. ಎಣಿಸುವಾಗ ಎಲ್ಲವೂ ಒಂದೇ ಲೆಕ್ಕ. ಫಲಿತಾಂಶಗಳನ್ನು ಜೋಡಿಸುವಾಗಲೂ ಉಲ್ಲೇಖಕ್ಕೆ ತೂಕ ಇದೆ, ಹಾಗಾಗಿ ಹಳೆಯ, ಹೆಸರಾದ ಲೇಖನ ಮೇಲೆ ಬರುವುದು, ನಿನ್ನೆ ಮೊನ್ನೆಯ ಒಳ್ಳೆಯದು ಕೆಳಗೆ ಉಳಿಯುವುದು ಮಾಮೂಲು.

ಕುತೂಹಲ ಇರುವವರಿಗೆ ಇದೇ ಸಂಖ್ಯೆ ಒಳ್ಳೆಯ ಬಾಗಿಲೂ ಹೌದು. ಅದನ್ನು ಒತ್ತಿ, ಉಲ್ಲೇಖಿಸಿದ ಲೇಖನಗಳ ಒಳಗೇ ಹುಡುಕುವ ಆಯ್ಕೆಗೆ ಟಿಕ್ ಹಾಕಿ, 'ಕ್ರಿಟಿಕ್' (ವಿಮರ್ಶೆ) ಅಥವಾ 'ರೆಪ್ಲಿಕೇಶನ್' (ಅದೇ ಅಧ್ಯಯನವನ್ನು ಮತ್ತೆ ಮಾಡಿ ನೋಡುವುದು) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಜಗಳ ಎಲ್ಲಿದೆ ಎಂದು ಕಾಣಲು ಶುರುವಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಟ್ಯಾಬ್‌ನಲ್ಲಿ ಆ ಜರ್ನಲ್ ಯಾರದ್ದು, ಬರೆದವರು ಯಾರು ಎಂದು ನೋಡುವುದು ಇನ್ನೂ ಒಳ್ಳೆಯದು. ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ವೆಬ್‌ಸೈಟ್‌ಗಳನ್ನು ಕೊಟ್ಟು ನೋಡಿದಾಗ ಬೇಗ ಸರಿಯಾಗಿ ಅಳೆದವರು ಫ್ಯಾಕ್ಟ್ ಚೆಕರ್‌ಗಳು, ಯಾಕೆಂದರೆ ಅವರು ಆ ಪುಟದಲ್ಲೇ ಕೂರದೆ ಹೊರಗೆ ಹೋಗಿ ವಿಚಾರಿಸಿದರು. ಪಿಎಚ್‌ಡಿ ಇದ್ದ ಇತಿಹಾಸಕಾರರೂ ಚಂದದ ಲೋಗೋಗೆ ಮರುಳಾದರು.

ಸ್ಕಾಲರ್‌ನಲ್ಲಿ ಪೀರ್ ರಿವ್ಯೂ (ಅದೇ ವಿಷಯದ ತಜ್ಞರ ಪರಿಶೀಲನೆ) ಆದದ್ದನ್ನು ಮಾತ್ರ ತೋರಿಸು ಎನ್ನುವ ಬಟನ್ ಇಲ್ಲ. ಥೀಸಿಸ್, ಪ್ರಿಪ್ರಿಂಟ್ (ಪರಿಶೀಲನೆಗೂ ಮುಂಚೆ ಹಾಕಿದ ಲೇಖನ), ಕಾಸು ಕೊಟ್ಟರೆ ಏನನ್ನೂ ಛಾಪಿಸುವ ಜರ್ನಲ್ಲು, ಎಲ್ಲ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ. ಹಿಂಪಡೆದ ಲೇಖನಗಳನ್ನು ಬೇರೆ ಮಾಡುವ ಫಿಲ್ಟರ್ರೂ ಇಲ್ಲ. ಇಷ್ಟು ವರ್ಷ ಆದ ಮೇಲೂ ಅದೊಂದನ್ನು ಸೇರಿಸದೆ ಇರುವುದು ಸುಮ್ನೆ ಸೋಮಾರಿತನ ಅಂತಲೇ ನನ್ನ ಅನಿಸಿಕೆ. ಐದಕ್ಕೆ ಮೂರೂವರೆ.