ಹಳೆಯ ದೋಣಿಯ ತಳದ ಬಣ್ಣವನ್ನು ಒಣಗಿರುವಂತೆಯೇ ಉಜ್ಜಬೇಡಿ

ಹಳೆಯ ಫೈಬರ್ ದೋಣಿಯೊಂದನ್ನು ಕೊಂಡ ಉತ್ಸಾಹದಲ್ಲಿ ನಾನು ಮೊದಲು ಕೈಹಾಕಿದ್ದು ಅದರ ತಳಕ್ಕೆ. ಪದರದ ಮೇಲೆ ಪದರವಾಗಿ ಬಳಿದು, ಅಲ್ಲಲ್ಲಿ ಹಕ್ಕಳೆಯೆದ್ದಿದ್ದ ಕಡುಗೆಂಪು ಬಣ್ಣವನ್ನು ಸ್ಯಾಂಡಿಂಗ್ ಯಂತ್ರದಿಂದ ಉಜ್ಜಿ ತೆಗೆಯುವುದು ಎರಡು ದಿನಗಳ ಕೆಲಸವೆಂದು ಲೆಕ್ಕ ಹಾಕಿದ್ದೆ. ಮೂಗಿಗೆ ಕಟ್ಟಿಕೊಂಡದ್ದು ತೆಳ್ಳನೆಯ ಮುಖಗವಸು. ಕಣ್ಣಿಗೆ ಏನೂ ಇರಲಿಲ್ಲ. ದೋಣಿಯ ಅಡಿಯಲ್ಲಿ ಮಲಗಿ ಮೇಲ್ಮುಖವಾಗಿ ಉಜ್ಜಿದರೆ ಧೂಳೆಲ್ಲ ಮುಖಕ್ಕೇ ಬೀಳುತ್ತದೆ ಎಂಬ ಸರಳ ಸಂಗತಿಯೂ ನನಗೆ ಹೊಳೆದಿರಲಿಲ್ಲ.

ಸಂಜೆಯ ವೇಳೆಗೆ ಕಣ್ಣುಗಳು ಉರಿಯತೊಡಗಿದವು, ಗಂಟಲು ಕೆರೆಯಿತು, ಕೆಮ್ಮು ವಾರವಾದರೂ ಬಿಡಲಿಲ್ಲ. ಆ ಬಣ್ಣದಲ್ಲಿ ಏನಿತ್ತು ಎಂದು ವೈದ್ಯರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇನ್ನೂ ಉಳಿದಿದ್ದ ಬಣ್ಣದ ಚಕ್ಕೆಗಳನ್ನು, ಮೇಲಿನ ಪದರದಿಂದ ಒಳಗಿನದರವರೆಗೂ ಸೇರುವಂತೆ ಕೆರೆದು, ಪ್ರಯೋಗಾಲಯಕ್ಕೆ ಕಳುಹಿಸಿದ್ದು ಆಮೇಲೆ. ಮೇಲೆ ತಾಮ್ರದ ಆಕ್ಸೈಡ್, ಎಲ್ಲಕ್ಕಿಂತ ಒಳಗೆ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಎಂದು ವರದಿ ಬಂತು.

ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಅವನ್ನು ಕೊಲ್ಲುವುದೇ ಈ ಬಣ್ಣದ ಕಸುಬು. ಅದನ್ನು ಮಾಮೂಲಿ ಪೇಂಟ್ ಎಂದುಕೊಂಡದ್ದು ನನ್ನ ತಪ್ಪು. ಲೀಟರ್ ನೀರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಕೆಲವು ಜಾತಿಯ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗಗಳನ್ನು ಬೆಳೆಸುವಷ್ಟು ಉಗ್ರವಾದ ಈ ತವರದ ಸಂಯುಕ್ತವನ್ನು, ತನ್ನ ಕರಾವಳಿಯ ಆರ್ಕಶಾನ್ ಕೊಲ್ಲಿಯ ಸಿಂಪಿ ಕೃಷಿ ನೆಲಕಚ್ಚಿದ ಮೇಲೆ, 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕದಾದ ಬಹುತೇಕ ದೋಣಿಗಳಿಗೆ ನಿಷೇಧಿಸಿತು. ಹಡಗು-ದೋಣಿಗಳ ತಳಕ್ಕೆ ಇಂಥ ತವರದ ಬಣ್ಣ ಬಳಿಯುವುದನ್ನು ನಿಷೇಧಿಸಲು 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಆದರೆ ಮಾರುಕಟ್ಟೆಯಿಂದ ಹೋದ ಬಣ್ಣ ಹಳೆಯ ದೋಣಿಯ ತಳದಿಂದಲೂ ಹೋಗಿರುತ್ತದೆ ಎಂದೇನೂ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದು ಕೆಲಸ ಮುಗಿದ ನಂತರ: ನೆಲದ ಮೇಲೆ ಬಿದ್ದಿದ್ದ ಕೆಂಪು ಧೂಳನ್ನು ಪೈಪಿನ ನೀರಿನಿಂದ ಚರಂಡಿಗೆ ತೊಳೆದೆ. ನನ್ನ ಕೆಮ್ಮು ನಿಂತಿತು, ಆ ಧೂಳು ಮಾತ್ರ ನೀರಿನ ತಳದ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದು.

ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಿ. ಹಳೆಯ ಪದರ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೀಳುವ ಅಗತ್ಯವೇ ಇಲ್ಲದಿರಬಹುದು; ವಿಷ ಹೊರಸೂಸದಂತೆ ತಡೆಯುವ ಸೀಲರ್ ಲೇಪವನ್ನು ಮೇಲೆ ಬಳಿಯುವುದನ್ನು ಆ ಒಪ್ಪಂದವೂ ಒಪ್ಪುತ್ತದೆ. ತೆಗೆಯಲೇಬೇಕಾದರೆ ನೆಲಕ್ಕೆ ಟಾರ್ಪಾಲು ಹಾಸಿ, ಬಣ್ಣವನ್ನು ಒದ್ದೆ ಮಾಡಿಕೊಂಡು ಕೆರೆಯಿರಿ, ಇಲ್ಲವೇ ಧೂಳು ಹೀರುವ ಯಂತ್ರ ಜೋಡಿಸಿದ ಸ್ಯಾಂಡರ್ ಬಳಸಿ. ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್, ಕನ್ನಡಕ, ಕೈಗವಸು, ಬಿಸಾಡಬಹುದಾದ ಮೇಲುಡುಪು ಇರಲಿ. ಬ್ಲೋ ಲ್ಯಾಂಪಿನಿಂದ ಸುಡುವ ಸಲಹೆ ನನಗೂ ಬಂದಿತ್ತು. ಆ ಹೊಗೆ ಧೂಳಿಗಿಂತ ಕೆಟ್ಟದ್ದು. ಚಕ್ಕೆ, ಕೆಸರು, ಟಾರ್ಪಾಲು ಎಲ್ಲವೂ ಅಪಾಯಕಾರಿ ತ್ಯಾಜ್ಯವೇ.

ಉಳಿದ ಭಾಗಕ್ಕೆ ನಾನು ಸೀಲರ್ ಬಳಿದಿದ್ದೇನೆ. ಅದರಡಿಯಲ್ಲಿ ಏನಿದೆ ಎಂಬುದನ್ನು ಬರೆದು, ಮುಂದೆ ಕೊಳ್ಳುವವರ ಕೈಗೆ ಸಿಗುವಂತೆ ಪ್ರಯೋಗಾಲಯದ ವರದಿಯೊಡನೆ ದೋಣಿಯ ಕಾಗದಪತ್ರಗಳಲ್ಲಿ ಇರಿಸಿದ್ದೇನೆ.