ಬಚ್ಚಿಡುವುದೋ, ಹುರಿಯುವುದೋ, ರೂಢಿ ಮಾಡಿಕೊಳ್ಳುವುದೋ: ತರಕಾರಿ ಒಲ್ಲದ ನಾಲಿಗೆಯ ಮೇಲೆ ನಡೆಸಿದ ಹೋಲಿಕೆ

ತರಕಾರಿ ಸೇರುವುದಿಲ್ಲ ಎಂದವರಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಎರಡೇ ಬಗೆಯವು. 'ಆರೋಗ್ಯಕ್ಕೆ ಒಳ್ಳೆಯದು, ಕಣ್ಣು ಮುಚ್ಚಿಕೊಂಡು ತಿಂದುಬಿಡು' ಎಂಬುದು ಒಂದು. 'ಗೊತ್ತೇ ಆಗದ ಹಾಗೆ ಯಾವುದರಲ್ಲಾದರೂ ಅರೆದು ಸೇರಿಸು' ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಚಿಕ್ಕಂದಿನಿಂದಲೇ ಎಲ್ಲವನ್ನೂ ಬಾಯಿ ಚಪ್ಪರಿಸಿ ತಿಂದವರು, ಅವರಿಗೆ ಕಷ್ಟವೇನೆಂದು ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಣ್ಣು, ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಬೇಕು. ಅಷ್ಟನ್ನು ಜೀವಮಾನವಿಡೀ ಕಣ್ಣು ಮುಚ್ಚಿಕೊಂಡು ನುಂಗುವುದು ಆಗುಹೋಗುವ ಮಾತಲ್ಲ.

ಹಾಗಾಗಿ ನಾನು ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದೆ. ಬಚ್ಚಿಟ್ಟು ತಿನ್ನುವುದು, ಉಪ್ಪು-ಹುಳಿ-ಜಿಡ್ಡಿನಿಂದ ಪಳಗಿಸುವುದು, ಜೋರು ಶಾಖದಲ್ಲಿ ಹುರಿಯುವುದು, ಹಸಿಯಾಗಿ ಅಥವಾ ಹುಳಿಯಿಸಿ ತಿನ್ನುವುದು, ಕೊನೆಗೆ ಚೂರುಚೂರೇ ಪದೇ ಪದೇ ತಿಂದು ರೂಢಿ ಮಾಡಿಕೊಳ್ಳುವುದು. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಇಟ್ಟುಕೊಂಡಿದ್ದೆ. ಆ ಹೊತ್ತಿಗೆ ತಟ್ಟೆ ಖಾಲಿಯಾಯಿತೇ? ಅದೇ ತರಕಾರಿ ಮುಂದೆ ಬೇರೆ ರೂಪದಲ್ಲಿ ಎದುರಾದಾಗ ಕೈ ತಾನಾಗಿ ಮುಂದೆ ಹೋಯಿತೇ? ಈ ಎರಡು ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದೇ ಆಗಿರಲಿಲ್ಲ. ಮೊದಲನೆಯದರಲ್ಲಿ ಗೆದ್ದ ದಾರಿ ಎರಡನೆಯದರಲ್ಲಿ ಕೊನೆಯ ಸ್ಥಾನಕ್ಕೆ ಕುಸಿಯಿತು.

ಹೋಲಿಕೆಗೆ ಇಳಿಯುವ ಮೊದಲು, ನಿಮಗೆ ಆಗದಿರುವುದು ನಿಜಕ್ಕೂ ಯಾವುದು ಎಂದು ತಿಳಿದುಕೊಳ್ಳಬೇಕು. ತರಕಾರಿಯ ಮೇಲಿನ ದೂರು ಕಹಿಯದ್ದಿರಬಹುದು, ವಾಸನೆಯದ್ದಿರಬಹುದು, ಲೋಳೆ ಅಥವಾ ಮೆತ್ತಗಿನ ಸ್ಪರ್ಶದ್ದಿರಬಹುದು. ಪತ್ತೆ ಹಚ್ಚುವುದು ಸುಲಭ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ತುಂಡನ್ನು ಅಗಿಯಿರಿ. ಆಗಲೂ ಕಹಿ ಅನ್ನಿಸಿದರೆ ಅದು ನಾಲಿಗೆಯ ತಕರಾರು. ಅಲ್ಲಿಯವರೆಗೆ ಸುಮ್ಮನಿದ್ದು, ಮೂಗು ಬಿಟ್ಟ ಕ್ಷಣವೇ ಮುಖ ಸಿಂಡರಿಸಿದರೆ ವಾಸನೆಯ ತಕರಾರು. ಎರಡೂ ಇಲ್ಲದೆ ಬರೀ ಅಗಿಯುವುದೇ ಹೇಸಿಗೆ ಅನ್ನಿಸಿದರೆ ಸ್ಪರ್ಶದ್ದು. ನನ್ನ ಮಟ್ಟಿಗೆ ಬ್ರೊಕೊಲಿ ಮೊದಲನೆಯ ಗುಂಪಿಗೆ ಸೇರಿತು. ಹೂಕೋಸು, ಎಲೆಕೋಸು, ಬೀಟ್‌ರೂಟ್ ಎರಡನೆಯದಕ್ಕೆ, ಬೆಂಡೆ, ಬದನೆ ಮೂರನೆಯದಕ್ಕೆ. ಪಾಲಕ್ ಯಾವುದಕ್ಕೂ ಸರಿಯಾಗಿ ಹೊಂದಲಿಲ್ಲ. ಅದರ ತೊಂದರೆ ಹಲ್ಲಿನ ಮೇಲೆ ಸುಣ್ಣ ಬಳಿದಂತಾಗುವ ಆ ಒಗರು. ಎಲೆಯಲ್ಲಿರುವ ಆಕ್ಸಲೇಟ್ ಎಂಬ ವಸ್ತು ಅದಕ್ಕೆ ಕಾರಣ.

ತರಕಾರಿ ಬೇಡ ಎನ್ನುವುದನ್ನು ಬರೀ ಹಟ ಎಂದು ತಳ್ಳಿಹಾಕುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 1931ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದು ದೂರಿದರು. ಫಾಕ್ಸ್ ಅವರಿಗೆ ಏನೂ ಅನ್ನಿಸಲಿಲ್ಲ. ಈ ವ್ಯತ್ಯಾಸದ ಬಹುಪಾಲಿಗೆ ಕಾರಣವಾದ, ಟಿಎಎಸ್2ಆರ್38 ಎಂಬ ವಂಶವಾಹಿ 2003ರಲ್ಲಿ ಗೊತ್ತಾಯಿತು. ಎಲೆಕೋಸಿನ ಬಳಗದ ತರಕಾರಿಗಳ ಕಹಿಯನ್ನು ಗುರುತಿಸುವ ಗ್ರಾಹಕಗಳಲ್ಲಿ, ಅಂದರೆ ನಾಲಿಗೆಯಲ್ಲಿ ರುಚಿ ಹಿಡಿಯುವ ಪ್ರೋಟೀನುಗಳಲ್ಲಿ, ಈ ವಂಶವಾಹಿ ರೂಪಿಸುವುದೂ ಒಂದು. ಒಂದೇ ಪಾತ್ರೆಯಿಂದ ಬಡಿಸಿದ ಬ್ರೊಕೊಲಿ ಇಬ್ಬರ ಬಾಯಲ್ಲಿ ಎರಡು ರುಚಿಯಾಗುವುದು ಹೀಗೆ. ಹಾಗೆಂದು ವಂಶವಾಹಿಯನ್ನು ನೆಪ ಮಾಡಿಕೊಂಡು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಕಹಿ ಜೋರಾಗಿ ತಿಳಿಯುವವರೂ ಕಾಫಿಯನ್ನು ಚಟವಾಗುವಷ್ಟು ಕುಡಿಯುತ್ತಾರೆ.

ಬಚ್ಚಿಡುವ ದಾರಿಯನ್ನು ಮೊದಲು ಮುಗಿಸಿಬಿಡುತ್ತೇನೆ. ಹೂಕೋಸನ್ನು ಬೇಯಿಸಿ ನುಣ್ಣಗೆ ಅರೆದು ಟೊಮೆಟೊ ಸಾರಿಗೆ ಬೆರೆಸಿದೆ, ಬೀಟ್‌ರೂಟನ್ನು ಚಾಕೊಲೇಟ್ ಕೇಕಿನ ಹಿಟ್ಟಿಗೆ ಸೇರಿಸಿದೆ, ಪಾಲಕನ್ನು ಬಾಳೆಹಣ್ಣಿನೊಂದಿಗೆ ಮಿಕ್ಸಿಗೆ ಹಾಕಿದೆ. ತಟ್ಟೆ, ಲೋಟ ಎಲ್ಲವೂ ಖಾಲಿ. ಮೊದಲ ಪ್ರಶ್ನೆಗೆ ನೂರಕ್ಕೆ ನೂರು ಅಂಕ. ಆದರೆ ಬೀಟ್‌ರೂಟ್ ಹೋಳುಗಳಾಗಿಯೇ ಮುಂದೆ ಬಂದ ದಿನ ಕೇಕಿನಿಂದ ಕಲಿತದ್ದು ಏನೂ ಉಳಿದಿರಲಿಲ್ಲ. ವೇಷ ಹಾಕಿಕೊಂಡು ಬಂದವರ ಗುರುತು ಮರುದಿನ ಬೀದಿಯಲ್ಲಿ ಹತ್ತುವುದಿಲ್ಲ. ಈ ದಾರಿಗೆ ಇನ್ನೊಂದು ಅಪಾಯವೂ ಇದೆ, ಮುಖ್ಯವಾಗಿ ಮಕ್ಕಳ ವಿಷಯದಲ್ಲಿ. ಗುಟ್ಟು ರಟ್ಟಾದರೆ, ಅಲ್ಲಿಯವರೆಗೆ ಇಷ್ಟಪಡುತ್ತಿದ್ದ ತಿನಿಸಿನ ಮೇಲೂ ಅನುಮಾನ ಶುರುವಾಗುತ್ತದೆ. ಹೊಟ್ಟೆಗೆ ತರಕಾರಿ ಸೇರಬೇಕು ಎಂಬುದಷ್ಟೇ ಗುರಿಯಾಗಿದ್ದರೆ ಬಚ್ಚಿಡಿ, ನನ್ನ ತಕರಾರಿಲ್ಲ. ಇಷ್ಟಪಡುವುದನ್ನು ಕಲಿಯಬೇಕಿದ್ದರೆ ಇದು ದಾರಿಯೇ ಅಲ್ಲ.

ಇದರ ನೇರ ಪ್ರತಿಸ್ಪರ್ಧಿ ಜೋರು ಶಾಖ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ತರಕಾರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಲು ಶುರುವಾದದ್ದು ಇಲ್ಲಿಂದಲೇ. ಒಂದೇ ಹೂಕೋಸನ್ನು ಎರಡು ಪಾಲು ಮಾಡಿ, ಅರ್ಧವನ್ನು ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದೆ, ಇನ್ನರ್ಧವನ್ನು ಓವನ್‌ನಲ್ಲಿ 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಟ್ಟೆ. ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದಾಗ ಬಂದದ್ದು ನಾನು ವರ್ಷಾನುಗಟ್ಟಲೆ ದ್ವೇಷಿಸಿದ ಅದೇ ಗಂಧಕದ ಘಾಟು. ಹೆಚ್ಚು ಹೊತ್ತು ಬೆಂದಷ್ಟೂ ಈ ಬಳಗದ ತರಕಾರಿಗಳು ಅದನ್ನು ಹೆಚ್ಚು ಬಿಡುತ್ತವೆ. ಓವನ್‌ನಿಂದ ಹೊರಬಂದ ತುಂಡುಗಳ ತಳ ಕಂದಾಗಿತ್ತು, ಹೂವಿನ ತುದಿಗಳು ಅಲ್ಲಲ್ಲಿ ಕಪ್ಪಗಾಗಿ ಗರಿಗರಿಯಾಗಿದ್ದವು, ವಾಸನೆ ಹುರಿದ ಕಡಲೆಬೀಜಕ್ಕೆ ಹತ್ತಿರವಿತ್ತು. ಒಳಗಿನ ದಂಟು ಸಿಹಿಯಾಗಿತ್ತು. ಸಕ್ಕರೆ ಹಾಕಿದ್ದೇನೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆ.

ಕಾರಣ ಸರಳ. ಸಾಧಾರಣ ಪಾತ್ರೆಯ ನೀರಿನಲ್ಲಿ ಬೇಯುವ ವಸ್ತು 100 ಡಿಗ್ರಿ ದಾಟುವುದಿಲ್ಲ. ಹೊಂಬಣ್ಣ ಮತ್ತು ಹುರಿದ ಪರಿಮಳ ಕೊಡುವ ರಾಸಾಯನಿಕ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ನಂತರ. ಲೂಯಿ ಕಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಇಂದಿಗೂ ಅವರದೇ ಹೆಸರಿದೆ. ಆದ್ದರಿಂದ ತುಂಡುಗಳ ಮೇಲೆ ನೀರು ಉಳಿದಿದ್ದರೆ ಹುರಿಯುವ ಕೆಲಸ ಅಲ್ಲಿಗೇ ಕೆಟ್ಟಿತು. ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು, ಎಣ್ಣೆ ಸವರಬೇಕು, ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಹರಡಬೇಕು. ತಟ್ಟೆಯನ್ನು ಒತ್ತೊತ್ತಾಗಿ ತುಂಬಿದರೆ ತುಂಡುಗಳು ಒಂದರ ಹಬೆಯಲ್ಲಿ ಇನ್ನೊಂದು ಬೆಂದು, ಮತ್ತೆ ಅದೇ ಘಾಟಿಗೆ ಮರಳುತ್ತವೆ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯೂ ನಡೆಯುತ್ತದೆ. ಕತ್ತರಿಸಿದ ಸಪಾಟು ಬದಿಯನ್ನು ಕೆಳಗೆ ಮಾಡಿ ಇಟ್ಟು, ಕೆಲವು ನಿಮಿಷ ಮುಟ್ಟದೆ ಬಿಡಬೇಕು. ಸೌಟು ಆಡಿಸುತ್ತಲೇ ಇರುವ ಕೈಗೆ ಇದೇ ಎಲ್ಲಕ್ಕಿಂತ ಕಠಿಣ ಭಾಗ.

ಕ್ಯಾರೆಟ್, ಬೀನ್ಸ್, ಎಲೆಕೋಸಿನ ದಪ್ಪ ಹೋಳುಗಳಿಗೂ ಇದೇ ಉಪಚಾರ ಒಗ್ಗಿತು. ಬೆಂಡೆಕಾಯಿಯನ್ನು ಒರೆಸಿ, ಉದ್ದಕ್ಕೆ ಸೀಳಿ, ಮುಚ್ಚಳವಿಲ್ಲದೆ ಹುರಿದು, ಉಪ್ಪನ್ನು ಕೊನೆಗೆ ಹಾಕಿದಾಗ ಲೋಳೆ ಬಹಳ ಮಟ್ಟಿಗೆ ಮಾಯವಾಯಿತು. ಸಣ್ಣಗೆ ಹೆಚ್ಚಿದಷ್ಟೂ ಲೋಳೆ ಹೊರಬರುತ್ತದೆ ಎಂಬುದೊಂದು ನೆನಪಿರಲಿ. ಸೊಪ್ಪಿಗೆ ಈ ದಾರಿ ಬೇಡ. ಪಾಲಕ್ ಕಾಗದದ ಚೂರಾಗಿ ಹೊರಬಂತು. ಬದನೆ ಎಷ್ಟು ಎಣ್ಣೆ ಸುರಿದರೂ ಹೀರಿಕೊಂಡು ಇನ್ನಷ್ಟು ಕೇಳಿತು.

ಹುರಿದ ಹೂಕೋಸು ತಿಂದು ಹಿಗ್ಗಿದವನಿಗೆ ಪಕ್ಕದಲ್ಲಿ ಕುಳಿತವರು 'ಇನ್ನೂ ವಾಸನೆ ಬರುತ್ತಿದೆ' ಎಂದರೆ ಸಿಟ್ಟು ಬರುವುದು ಸಹಜ. ಆದರೆ ಅವರು ಸುಳ್ಳು ಹೇಳುತ್ತಿರಲಾರರು. ಹೂಕೋಸಿನಲ್ಲಿರುವ ಒಂದು ವಸ್ತುವನ್ನು ಬಾಯಿಯ ಬ್ಯಾಕ್ಟೀರಿಯಾಗಳ ಕಿಣ್ವಗಳು ಒಡೆದು ಗಂಧಕದ ವಾಸನೆ ಬರಿಸುತ್ತವೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಇದು ಒಬ್ಬೊಬ್ಬರ ಜೊಲ್ಲಿನಲ್ಲಿ ಒಂದೊಂದು ಪ್ರಮಾಣದಲ್ಲಿ ನಡೆಯುವುದು ಕಂಡುಬಂತು. ಹೆಚ್ಚು ವಾಸನೆ ಹುಟ್ಟುವ ಜೊಲ್ಲಿನ ಮಕ್ಕಳಿಗೆ ಈ ತರಕಾರಿಗಳು ಹೆಚ್ಚು ಅಪ್ರಿಯವಾಗಿದ್ದವು. ತಂದೆ-ತಾಯಿ ಮತ್ತು ಮಕ್ಕಳಲ್ಲಿ ಪ್ರಮಾಣ ಹೆಚ್ಚುಕಡಿಮೆ ಒಂದೇ ರೀತಿ ಇತ್ತು.

ಉಪ್ಪು, ಹುಳಿ, ಜಿಡ್ಡನ್ನು ಒಂದೇ ದಾರಿಯ ಮೂರು ಕವಲುಗಳೆಂದು ಭಾವಿಸಿದ್ದೆ. ಅಕ್ಕಪಕ್ಕ ಇಟ್ಟು ನೋಡಿದಾಗ ಅವು ಮಾಡುವ ಕೆಲಸವೇ ಬೇರೆ ಬೇರೆ ಎಂದು ಗೊತ್ತಾಯಿತು. ಹಬೆಯಲ್ಲಿ ಅರೆಬೆಂದ ಬ್ರೊಕೊಲಿಯನ್ನು ನಾಲ್ಕು ಬಟ್ಟಲಿಗೆ ಹಂಚಿ, ಒಂದಕ್ಕೆ ಉಪ್ಪು, ಒಂದಕ್ಕೆ ನಿಂಬೆರಸ, ಒಂದಕ್ಕೆ ಬೆಣ್ಣೆ ಹಾಕಿ, ಒಂದನ್ನು ಹಾಗೆಯೇ ಬಿಟ್ಟೆ. ಉಪ್ಪಿನ ಬಟ್ಟಲಿನಲ್ಲಿ ಕಹಿ ತಗ್ಗಿತ್ತು, ಬ್ರೊಕೊಲಿಗೂ ಒಂದು ಸಿಹಿ ಇದೆ ಎಂಬುದು ಆಗಲೇ ತಿಳಿದದ್ದು. ಉಪ್ಪಿನಲ್ಲಿರುವ ಸೋಡಿಯಂ ಕಹಿಯನ್ನು ಅಡಗಿಸಿ ಉಳಿದ ರುಚಿಗಳನ್ನು ಎದ್ದು ಕಾಣಿಸುತ್ತದೆ ಎಂದು ಬ್ರೆಸ್ಲಿನ್ ಮತ್ತು ಬೋಷಾಂ ಎಂಬ ವಿಜ್ಞಾನಿಗಳು 1997ರಲ್ಲೇ ತೋರಿಸಿದ್ದರು. ನಿಂಬೆಯ ಬಟ್ಟಲಿನಲ್ಲಿ ಕಹಿ ಹಾಗೆಯೇ ಇತ್ತು, ಜೊತೆಗೆ ಹುಳಿ ಬೇರೆ. ಬೆಣ್ಣೆ ಕಹಿಯ ಮೊನೆಯನ್ನು ಸ್ವಲ್ಪ ಮೊಂಡು ಮಾಡಿತು, ಅಷ್ಟೇ.

ಬೀಟ್‌ರೂಟಿನಲ್ಲಿ ಫಲಿತಾಂಶ ತಲೆಕೆಳಗಾಯಿತು. ಅದರ ಮಣ್ಣಿನ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಳೆ ಬಿದ್ದ ನೆಲದಿಂದ ಏಳುವ ವಾಸನೆಯಲ್ಲೂ ಅದೇ ಇದೆ. ನೆಲದ ಮೇಲಿದ್ದಾಗ ಹಿತ, ತಟ್ಟೆಯಲ್ಲಿದ್ದಾಗ ಅಸಹ್ಯ. ಉಪ್ಪು ಅದನ್ನು ಅಲ್ಲಾಡಿಸಲಿಲ್ಲ, ಹುರಿದರೂ ಪೂರ್ತಿ ಹೋಗಲಿಲ್ಲ. ಆಮ್ಲದಲ್ಲಿ ಜಿಯೋಸ್ಮಿನ್ ಒಡೆಯುತ್ತದೆ. ಬೇಯಿಸಿದ ಹೋಳುಗಳನ್ನು ವಿನೆಗರ್‌ನಲ್ಲಿ ನೆನೆಸಿಟ್ಟು ತಿಂದಾಗ ಮಾತ್ರ ಬೀಟ್‌ರೂಟ್ ನನಗೆ ಒಲಿಯಿತು. ಹಸಿರು ತರಕಾರಿಗೆ ಮಾತ್ರ ಹುಳಿಯನ್ನು ತಿನ್ನುವ ಮುಂಚೆಯಷ್ಟೇ ಹಿಂಡಬೇಕು. ಮೊದಲೇ ಹಾಕಿ ಬೇಯಿಸಿದರೆ ಹಸಿರು ಮಾಸಿ, ನೋಡಿದಾಗಲೇ ಹಸಿವು ಸಾಯುವ ಬಣ್ಣಕ್ಕೆ ತಿರುಗುತ್ತದೆ.

ಪಾಲಕ್‌ಗೆ ಈ ಮೂರಕ್ಕಿಂತ ಕುದಿನೀರೇ ವಾಸಿ. ಒಂದೆರಡು ನಿಮಿಷ ಮುಳುಗಿಸಿ, ನೀರು ಚೆಲ್ಲಿ, ಹಿಂಡಿದರೆ ಆಕ್ಸಲೇಟಿನ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ, ಹಲ್ಲಿನ ಸುಣ್ಣ ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ಉಪ್ಪು-ಹುಳಿ-ಜಿಡ್ಡಿನ ದಾರಿ ಎರಡೂ ಪ್ರಶ್ನೆಗಳಿಗೆ ಮಧ್ಯಮ ಅಂಕ ಪಡೆಯುತ್ತದೆ. ಹದ ತಪ್ಪುವುದು ಸುಲಭ. ಚೀಸ್‌ನಲ್ಲಿ ಮುಳುಗಿಹೋದ ಹೂಕೋಸನ್ನು ಮೆಚ್ಚಿದವರು ಮೆಚ್ಚಿದ್ದು ಚೀಸನ್ನು.

ಹಸಿ ತರಕಾರಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಕ್ಯಾರೆಟ್, ಸೌತೆಕಾಯಿ ಯಾರಿಗೂ ಕಷ್ಟವಲ್ಲ. ಎಲೆಕೋಸನ್ನು ಹೆಚ್ಚಿದಾಗ ಜೀವಕೋಶಗಳು ಒಡೆದು, ಒಳಗಿನ ಕಿಣ್ವವೊಂದು ಕೆಲಸ ಶುರುಮಾಡಿ ಖಾರದ ಘಾಟು ಹುಟ್ಟುತ್ತದೆ. ನುಣ್ಣಗೆ ಹೆಚ್ಚಿದಷ್ಟೂ ಘಾಟು ಜಾಸ್ತಿ, ತಣ್ಣೀರಿನಲ್ಲಿ ತೊಳೆದರೆ ಕಡಿಮೆ. ಎಲೆಕೋಸಿನ ತೂಕದ ಸುಮಾರು ಶೇಕಡಾ 2ರಷ್ಟು ಉಪ್ಪು ತಿಕ್ಕಿ, ಅದರದೇ ನೀರಿನಲ್ಲಿ ಮುಳುಗಿಸಿ ಹುಳಿಯಲು ಬಿಡುವ ವಿಧಾನ ನನಗೆ ಈಗ ಇಷ್ಟ. ಆದರೆ ವಾಸನೆಗೆ ಹೆದರುವವರಿಗೆ ಆ ಜಾಡಿಯ ಮುಚ್ಚಳವನ್ನು ಮೊದಲ ಪಾಠವಾಗಿ ತೆರೆದು ತೋರಿಸಬಾರದು.

ಇನ್ನು ರೂಢಿಯ ದಾರಿ. ಪರಿಚಯ ಹೆಚ್ಚಾದಂತೆ ಒಲವು ಹೆಚ್ಚುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪುಟ್ಟ ಮಕ್ಕಳ ಊಟದಲ್ಲಿ ಇದನ್ನೇ ಪರೀಕ್ಷಿಸಿದರು. ಹೊಸ ತಿನಿಸು ಮಕ್ಕಳಿಗೆ ಒಗ್ಗಲು 8ರಿಂದ 15 ಬಾರಿ ರುಚಿ ನೋಡಬೇಕಾಗಬಹುದು ಎಂದು ಈಗ ಸಾಮಾನ್ಯವಾಗಿ ಹೇಳುತ್ತಾರೆ. ಹೆಚ್ಚಿನವರು ಎರಡು ಮೂರು ಬಾರಿಗೇ 'ಇದು ನಮ್ಮ ಮಗುವಿಗೆ ಆಗುವುದಿಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ದೊಡ್ಡವರು ತಮ್ಮ ಬಗ್ಗೆ ಆ ತೀರ್ಪನ್ನು ಬಾಲ್ಯದಲ್ಲೇ ಕೊಟ್ಟುಕೊಂಡು ಮತ್ತೆ ತಿರುಗಿ ನೋಡಿರುವುದಿಲ್ಲ.

ನಾನು ಇದಕ್ಕೆ ಬ್ರೊಕೊಲಿಯನ್ನು ಆರಿಸಿಕೊಂಡೆ. ಬಟಾಣಿ ಕಾಳಿನಷ್ಟು ತುಂಡು, ಊಟದ ಆರಂಭದಲ್ಲಿ, ಹಸಿವು ಜೋರಾಗಿರುವಾಗ, ಪ್ರತಿ ಸಲವೂ ಒಂದೇ ರೀತಿ ಬೇಯಿಸಿದ್ದು. ತಿಂದದ್ದಕ್ಕೆ ಬಹುಮಾನವಿಲ್ಲ. 'ಇದನ್ನು ತಿಂದರೆ ಸಿಹಿ ಕೊಡುತ್ತೇನೆ' ಎಂಬ ಒಪ್ಪಂದದಲ್ಲಿ ಬೆಲೆ ಏರುವುದು ಸಿಹಿಗೆ, ಇಳಿಯುವುದು ತರಕಾರಿಗೆ. ಬಹಳ ದಿನ ಏನೂ ಆಗಲಿಲ್ಲ. ಈ ದಾರಿಯ ದೊಡ್ಡ ದೋಷ ಇದೇ, ನೀರಸ. ಮೊದಲು ಬಂದ ಬದಲಾವಣೆಯೂ ಇಷ್ಟದ ರೂಪದಲ್ಲಿ ಬರಲಿಲ್ಲ. ಕಹಿ ಇತ್ತು, ಆದರೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ದ್ವೇಷ ಉದಾಸೀನವಾಗಿತ್ತು. ಕಾಯಬೇಕಾದದ್ದು ಈ ಘಟ್ಟಕ್ಕೆ, ಇದಕ್ಕಿಂತ ಹೆಚ್ಚಿನದಕ್ಕಲ್ಲ. ಅಲ್ಲಿಂದ ಮುಂದೆ ಉಪ್ಪು ಹಾಕಿ ಹುರಿದ ಬ್ರೊಕೊಲಿ ಸಲೀಸಾಗಿ ಇಷ್ಟವಾಯಿತು. ಆಮೇಲೆ ಹಬೆಯಲ್ಲಿ ಬೆಂದದ್ದೂ ನಡೆಯಿತು. ಎರಡನೆಯ ಪ್ರಶ್ನೆಗೆ ಪೂರ್ಣ ಅಂಕ ಪಡೆದದ್ದು ಇದೊಂದೇ.

ಯಾರಾದರೂ ಇಂದೇ ಶುರುಮಾಡುವುದಾದರೆ, ವಾಸನೆ ಆಗದವರಿಗೆ ಹುರಿದ ಹೂಕೋಸನ್ನು, ಕಹಿ ಆಗದವರಿಗೆ ಉಪ್ಪು ಹಾಕಿದ ಚೂರು ಬ್ರೊಕೊಲಿಯನ್ನು ಕೊಡುತ್ತೇನೆ. ಇಬ್ಬರಿಗೂ ಒಂದೇ ತರಕಾರಿಯನ್ನು ಹಿಡಿದು ಕೂರಲು ಹೇಳುತ್ತೇನೆ. ವಾರಕ್ಕೊಂದು ಹೊಸದನ್ನು ಪ್ರಯತ್ನಿಸುವ ಉತ್ಸಾಹಿಗಳು ಯಾವುದನ್ನೂ ರೂಢಿಯಾಗಲು ಬಿಡುವುದಿಲ್ಲ. ಸ್ಪರ್ಶದ ತಕರಾರಿನವರಿಗೆ ಮಾತ್ರ ನನ್ನಲ್ಲಿ ಭರವಸೆಯ ಮಾತು ಕಡಿಮೆ. ಬೆಂಡೆ ಹುರಿದರೆ ಸರಿ. ಬದನೆಯನ್ನು ಎಷ್ಟು ಸಲ ತಿಂದರೂ ಆ ಮೆತ್ತಗಿನ ತಿರುಳು ಒಗ್ಗಲಿಲ್ಲ. ಬೆಂಕಿಯ ಮೇಲೆ ಸಿಪ್ಪೆ ಕರಕಲಾಗುವಷ್ಟು ಸುಟ್ಟು, ತಿರುಳನ್ನು ಹಿಸುಕಿ, ಉಪ್ಪು, ನಿಂಬೆರಸ ಬೆರೆಸಿದರೆ ತಿನ್ನುತ್ತೇನೆ. ಹೋಳುಗಳಾಗಿ ಬಂದರೆ ಈಗಲೂ ತಟ್ಟೆಯ ಅಂಚಿಗೆ ಸರಿಸುತ್ತೇನೆ.