ಜಾಮ್ ಆದ ಎರಡು ದೋಣಿ ಎಂಜಿನ್: ಒಂದಕ್ಕೆ ಡೀಸೆಲ್, ಒಂದಕ್ಕೆ ಅಸಿಟೋನ್

ಗಂಗೊಳ್ಳಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ 2018ರಿಂದ ಗೋಣಿಚೀಲ ಹೊದ್ದು ಕೂತಿದ್ದ ಎಂಜಿನ್ ಒಂದು. 2020ರ ಲಾಕ್‌ಡೌನ್‌ಗೆ ಭಾವ ಕಳಚಿಟ್ಟದ್ದು ಇನ್ನೊಂದು. ಎರಡೂ ಯಮಹಾ ಎಂಡ್ಯೂರೋ, 8 ಎಚ್‌ಪಿ, ಟೂ ಸ್ಟ್ರೋಕ್. ಎರಡರ ಸ್ಟಾರ್ಟ್ ಮಾಡುವ ಹಗ್ಗವೂ ಒಂದು ಗೇಣು ಬರುತ್ತಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ದಡದಲ್ಲಿರಬೇಕು, 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಮಾತ್ರ ವಿನಾಯಿತಿ. ಹಾಗಾಗಿ ಇಂಥ ಸಣ್ಣ ಎಂಜಿನ್ನನ್ನು ಗುಜರಿಗೆ ಹಾಕಲು ನಮ್ಮ ಕಡೆ ಯಾರಿಗೂ ಕೈ ಬರುವುದಿಲ್ಲ.

ಮೊದಲ ದಿನ ನಾನು ಹಗ್ಗ ಜಗ್ಗುತ್ತಿದ್ದದ್ದನ್ನು ಕಂಡು ಮೇಸ್ತ್ರಿ ಅಲ್ಲಿಂದಲೇ ಕೂಗಿದರು: "ಹ್ವಾಯ್, ಹಗ್ಗ ತುಂಡಾಪ್ದೇ ಸೈ, ಪಿಸ್ಟನ್ ಬತ್ತಿಲ್ಲೆ ಮಾರಾಯ್ರೆ!"

ಪ್ಲಗ್ ಬಿಚ್ಚಿ ಟಾರ್ಚ್ ಹಾಕಿದರೆ ಸಿಲಿಂಡರಿನ ಗೋಡೆ ಇಟ್ಟಿಗೆ ಪುಡಿ ಬಳಿದ ಹಾಗಿತ್ತು. ಪಿಸ್ಟನ್ ಅಲ್ಯೂಮಿನಿಯಂ, ಅದು ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ಸಿಲಿಂಡರಿನ ಒಳಗೋಡೆಯಾದ ಕಬ್ಬಿಣದ ಲೈನರ್ ಮತ್ತು ಪಿಸ್ಟನ್ನಿನ ರಿಂಗು. ಎರಡರ ನಡುವೆ ಎಣ್ಣೆ ಇಳಿಯಬೇಕು, ಅಷ್ಟೇ ಕೆಲಸ. ಆದರೆ ದೋಣಿಯ ಹಿಂದೆ ಹೊರಗಿನಿಂದ ಕಟ್ಟುವ ಇಂಥ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಸಿಲಿಂಡರ್ ಅಡ್ಡ ಮಲಗಿರುತ್ತದೆ. ನಿಲ್ಲಿಸಿಟ್ಟು ಎಣ್ಣೆ ಹೊಯ್ದರೆ ಒಂದು ಬದಿಗೆ ಹರಿದು ಸುಮ್ಮನಾಗುತ್ತದೆ. ಪ್ಲಗ್ಗಿನ ತೂತು ಮೇಲೆ ಬರುವಂತೆ ಮಲಗಿಸಬೇಕು, ತಲೆ ಕಡೆ ಒಂದು ಹಲಗೆ ಕೊಟ್ಟು ಎತ್ತರ ಮಾಡಬೇಕು. ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಕಡೆ ಎತ್ತರವಾದರೆ ಒಳಗೆ ಉಳಿದ ನೀರು ಸಿಲಿಂಡರಿಗೇ ಇಳಿದೀತು.

ನನ್ನದಕ್ಕೆ ಡೀಸೆಲ್. ದಿನಾ ಬೆಳಿಗ್ಗೆ ಎರಡು ಪ್ಲಗ್ಗಿನ ತೂತಿಗೂ ಒಂದೊಂದು ಕುಡಿತೆ, ಸಂಜೆ ಎಂಜಿನ್ ತಲೆಯ ಮೇಲೆ ತಿರುಗುವ ಚಕ್ರ, ಅಂದರೆ ಫ್ಲೈವೀಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಒಂದು ಒತ್ತು. ಎಂಟು ದಿನ ಗೋಡೆಗೆ ಒತ್ತಿದ ಹಾಗೆಯೇ. ಒಂಬತ್ತನೇ ಸಂಜೆ "ಟಿಕ್" ಅಂತ ಒಂದು ಸದ್ದು, ಕೂದಲೆಳೆಯಷ್ಟು ಜರುಗಿತು. ಆಗ ಜೋರು ಮಾಡುವ ಆಸೆಯಾಗುತ್ತದೆ, ಮಾಡಬಾರದು. ಅಷ್ಟೇ ಹಿಂದಕ್ಕೆ, ಅಷ್ಟೇ ಮುಂದಕ್ಕೆ ಆಡಿಸುತ್ತಾ ಹನ್ನೊಂದನೇ ದಿನ ಪೂರ್ತಿ ಒಂದು ಸುತ್ತು ಬಂತು.

ಭಾವನಿಗೆ ಅಷ್ಟು ತಾಳ್ಮೆ ಎಲ್ಲಿ? ಪವರ್ ಸ್ಟೀರಿಂಗ್‌ಗೆ ಹಾಕುವ ಕೆಂಪು ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಹೊಯ್ದರು. ಎರಡೂ ಕೂಡಿ ನಿಲ್ಲುವುದಿಲ್ಲ, ಪ್ರತಿ ಸಲ ಬಾಟಲಿ ಕುಲುಕಲೇಬೇಕು. ಮೂರನೇ ಸಂಜೆಗೇ ಅವರ ಎಂಜಿನ್ ತಿರುಗಿತು. ಗೆದ್ದೆ ಅಂತ ಬೀಗಿದರು. ಆದರೆ ಪಂದ್ಯ ಸರಿಸಮ ಇರಲಿಲ್ಲ: ಅವರದ್ದು ಎರಡು ವರ್ಷ ಕಡಿಮೆ ಕೂತದ್ದು, ತುಕ್ಕೂ ತೆಳು. ಮೇಲಾಗಿ ಚೆಲ್ಲಿದ ಅಸಿಟೋನ್ ಕವರಿನ ಬಣ್ಣವನ್ನು ಅಂಗೈ ಅಗಲ ಕಿತ್ತುಹಾಕಿತು. ಬಣ್ಣ ತಿನ್ನುವುದು ಒಳಗಿನ ಸೀಲಿನ ರಬ್ಬರನ್ನು ಬಿಟ್ಟೀತೇ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಸಿಲಿಂಡರಿಗೆ ನನ್ನ ಮತ ಡೀಸೆಲಿಗೇ. ಬೋಲ್ಟಿಗಾದರೆ ಭಾವನ ಮದ್ದೇ ಸರಿ. ಉಪ್ಪುನೀರಲ್ಲಿ ಸ್ಟೀಲಿನ ಬೋಲ್ಟು ಅಲ್ಯೂಮಿನಿಯಂ ಮೈಗೆ ಕಚ್ಚಿಕೊಂಡುಬಿಡುತ್ತದೆ. ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಕಾದು ತಿರುಗಿಸಿದೆ, ಒಂದರ ತಲೆಯೇ ಕೈಗೆ ಬಂತು. ಉಳಿದವಕ್ಕೆ ಕೆಂಪು ಮದ್ದು ರಾತ್ರಿಯಿಡೀ ಬಿಟ್ಟು, ಸುತ್ತ ಸ್ವಲ್ಪ ಬಿಸಿ ತಾಗಿಸಿದ ಮೇಲೆ ಸುಸೂತ್ರ ಬಿಚ್ಚಿದವು. ಬಿಸಿ ಮಾಡುವ ಮೊದಲು ಅಸಿಟೋನ್ ಪೂರ್ತಿ ಆರಿರಬೇಕು, ಬಾಟಲಿ ಅಂಗಳದಾಚೆ ಇರಬೇಕು, ಇಲ್ಲದಿದ್ದರೆ ಮೀಸೆ ಸುಟ್ಟುಕೊಂಡಂತೆಯೇ.

ಕಾರ್ಬೊರೇಟರಿನಲ್ಲಿ ಹಳೆ ಪೆಟ್ರೋಲು ಒಣಗಿ ಹಲಸಿನ ಮೇಣದ ಹಾಗೆ ಅಂಟಿತ್ತು. ನಾನು ಒಂದು ರಾತ್ರಿ ಪೆಟ್ರೋಲಿನಲ್ಲಿ ನೆನೆಸಿದೆ. ಬಟ್ಟಲೇನೋ ಫಳಫಳ, ಆದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ಕುರುಡು. ಭಾವ ನಿಂಬೆರಸದ ನೀರಿನಲ್ಲಿ ಕುದಿಸಿದರು, ಹೊರಗಿನ ಉಪ್ಪಿನ ಕಿಲುಬು ಹೋಯಿತು, ಒಳಗಿನ ಮೇಣ ಹಾಗೇ ಉಳಿಯಿತು. ಕೊನೆಗೆ ಇಬ್ಬರೂ ಅಂಗಡಿಯ ಕ್ಲೀನರ್ ಸ್ಪ್ರೇ ತಂದು ಹೊಡೆದು, ವಯರಿನಿಂದ ತಾಮ್ರದ ಒಂದೇ ಒಂದು ಎಳೆ ತೆಗೆದು ತೂರಿಸಿದೆವು. ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ನಾನು ಜಿಪುಣತನ ಮಾಡಿ ಪೆಟ್ಟು ತಿಂದದ್ದು ಇಂಪೆಲ್ಲರಿನಲ್ಲಿ, ಅಂದರೆ ಎಂಜಿನ್ ತಣಿಸಲು ನೀರೆತ್ತುವ ರಬ್ಬರಿನ ಚಕ್ರದಲ್ಲಿ. ವರ್ಷಗಟ್ಟಲೆ ಒಂದೇ ಕಡೆ ಬಾಗಿ ಕೂತ ರಬ್ಬರಿನ ರೆಕ್ಕೆಗಳನ್ನು ಬಿಸಿನೀರಲ್ಲಿ ಹಾಕಿದರೆ ನೆಟ್ಟಗಾಗುತ್ತವೆ ಅಂದರು, ಆದವು ಕೂಡ. ನೀರಿನ ಡ್ರಮ್ಮಿಗೆ ಇಳಿಸಿ, ಮೊದಲ ಸಲಕ್ಕೆ ಅಂತ ಲೀಟರ್ ಪೆಟ್ರೋಲಿಗೆ 20ರ ಬದಲು 40 ಎಂಎಲ್ ಎಣ್ಣೆ ಬೆರೆಸಿ ಎಳೆದೆ. ಹದಿನಾಲ್ಕನೇ ಎಳೆತಕ್ಕೆ ನೀಲಿ ಹೊಗೆ ಕಾರಿ ಎದ್ದಿತು. ಹಿಂದಿನ ತೂತಿನಿಂದ ನೀರಿನ ಧಾರೆಯೂ ಬಂತು, ಮಕ್ಕಳು "ಉಚ್ಚೆ ಹೊಯ್ತು" ಅಂತ ಕುಣಿದರು. ನಾಲ್ಕು ನಿಮಿಷ ಆಗಿಲ್ಲ, ಧಾರೆ ಹನಿಯಾಯಿತು, ತಲೆ ಮುಟ್ಟಿದರೆ ಕೈ ಸುಡುತ್ತಿತ್ತು. ತಕ್ಷಣ ಆಫ್ ಮಾಡಿದ್ದಕ್ಕೆ ಹನ್ನೊಂದು ದಿನದ ಡೀಸೆಲ್ ಉಳಿಯಿತು. ಭಾವ ಮೊದಲೇ ಹೊಸದು ಹಾಕಿಸಿದ್ದರು, ಅವರದ್ದು ಅರ್ಧ ಗಂಟೆ ಒಂದೇ ಸಮ ಉಗುಳಿತು. ಮರುದಿನ ನಾನೂ ಹೊಸದು ತಂದೆ.

ಈಗ ನನ್ನದು ಹೊಳೆಯಲ್ಲಿ ಓಡುತ್ತಿದೆ. ಅಳಿವೆ ದಾಟಿಸುವ ಧೈರ್ಯ ಇನ್ನೂ ಮಾಡಿಲ್ಲ, ದೋಣಿಯಲ್ಲಿ ನೀರಿಗೆ ಊರಿ ತಳ್ಳುವ ಜಲ್ಲೆಯೂ ಇರುತ್ತದೆ. ಮೂರೇ ದಿನಕ್ಕೆ ಗೆದ್ದ ಭಾವನ ಎಂಜಿನ್‌ನಿಂದ ಮೊನ್ನೆ ಗೇರ್ ಆಯಿಲ್ ಬಸಿದು ನೋಡಿದರೆ ಹಾಲು ಹಾಕಿದ ಚಾದ ಬಣ್ಣ. ಕೆಳಗಿನ ಸೀಲು ಹೋಗಿ ನೀರು ಸೇರಿದೆ. ಮತ್ತೆ ಕೊಟ್ಟಿಗೆಯಲ್ಲಿ ಮಲಗಿಸಿದ್ದಾರೆ.